ಅರವಟ್ಟಿಗೆಯೂ ಕಂಪೆನಿಯ ನೀರೂ

ಹೋಟೆಲಿನಲ್ಲಿ ಗಿರಾಕಿ ಬಂದು ಕುಳಿತ ಕೂಡಲೇ ನಾವು ಮೊದಲು ಇಡುವುದು ನೀರು. ಅದಕ್ಕೆ ಬಿಲ್ಲಿಲ್ಲ, ಇಟ್ಟವನ ಹೆಸರನ್ನೂ ಯಾರೂ ಕೇಳುವುದಿಲ್ಲ. ಆದುದರಿಂದ ನೀರು ಕೊಟ್ಟವರ ಹೆಸರನ್ನು ಕಲ್ಲಿನಲ್ಲಿ ಕೆತ್ತಿದ್ದು ಕಂಡಾಗ ನನಗೆ ನಗು ಬರುವುದುಂಟು.

ನಾನು ಏಳನೆಯವರೆಗೆ ಕಲಿತ ಊರಿನ ಶಾಲೆ ಹೊಳೆಯ ಬದಿಯಲ್ಲಿದೆ. ಶಿವರಾತ್ರಿ ಕಳೆದರೆ ಬಾವಿಯ ನೀರು ಉಪ್ಪು. ಒಂದು ದೊಡ್ಡ ಕಂಪೆನಿಯವರು ಅಲ್ಲಿ ನೀರು ಶುದ್ಧ ಮಾಡುವ ಯಂತ್ರ ಕೂರಿಸಿದ್ದರು. ಉದ್ಘಾಟನೆ, ಹಾರ, ಫೋಟೊ ಎಲ್ಲ ಆಯಿತಂತೆ. ಎರಡು ವರ್ಷ ಮಕ್ಕಳು ಒಳ್ಳೆಯ ನೀರು ಕುಡಿದರು, ಇಲ್ಲವೆನ್ನಲಾರೆ. ಆಮೇಲೆ ಒಳಗಿನ ಮೆಂಬ್ರೇನ್ ಕೆಟ್ಟಿತು. ಹೆಡ್‌ಮಾಸ್ತರರು ಕಾಗದ ಬರೆದರು. ಆ ವರ್ಷದ ಯೋಜನೆ ಮುಗಿದಿದೆ ಎಂದು ಉತ್ತರ ಬಂತು. ಪಂಚಾಯತಿನಲ್ಲಿ ಕೇಳಿದರೆ ಯಂತ್ರ ನಮ್ಮದಲ್ಲ ಎಂದರು. ಈಗ ಹುಡುಗರು ಮನೆಯಿಂದ ಬಾಟ್ಲಿಯಲ್ಲಿ ನೀರು ತರುತ್ತಾರೆ. ಕಲ್ಲು ಮಾತ್ರ ಇನ್ನೂ ಮಿರಮಿರ ಮಿಂಚುತ್ತಿದೆ.

ನಮ್ಮ ಹಿರಿಯರ ಅರವಟ್ಟಿಗೆಯಲ್ಲಿ ಬೇಸಗೆ ಮುಗಿಯುವವರೆಗೆ ಒಬ್ಬ ಆಳು ಕುಳಿತಿರಬೇಕಿತ್ತು. ದಿನಾ ಮಡಕೆ ತೊಳೆಯಬೇಕು, ನೀರು ಹೊತ್ತು ತರಬೇಕು, ಬಂದವರಿಗೆ ಎರೆಯಬೇಕು. ಮಡಕೆಗೆ ಏನು ಮಹಾ ಖರ್ಚು? ಖರ್ಚೆಲ್ಲ ಆ ಆಳಿನದು. (ಅಲ್ಲಿಯೂ ಜಾತಿ ನೋಡಿ ಎತ್ತರದಿಂದ ನೀರು ಹೊಯ್ಯುವವರಿದ್ದರು; ಹಿಂದಿನದೆಲ್ಲ ಚಿನ್ನವೆಂದು ನಾನು ಹೇಳುವುದಿಲ್ಲ.)

ಕೆಲವು ಮಿತ್ರರು ನನ್ನನ್ನು ಗೇಲಿ ಮಾಡುತ್ತಾರೆ: "ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಿಲಿಗೆ ಹೋಗಿ ಮೊಳ ಹಾಕುತ್ತೀಯಲ್ಲ ಮಾರಾಯ!" ಆದರೆ ಬಂಧುಗಳೇ, ಇದು ಧರ್ಮದ ದಟ್ಟಿಯೇ? 2013ರ ಕಂಪೆನಿ ಕಾಯಿದೆಯ 135ನೆಯ ಕಲಮಿನ ಪ್ರಕಾರ, ವರ್ಷಕ್ಕೆ 5 ಕೋಟಿ ರೂಪಾಯಿ ಅಥವಾ ಹೆಚ್ಚು ನಿವ್ವಳ ಲಾಭವುಳ್ಳ ಕಂಪೆನಿ ತನ್ನ ಹಿಂದಿನ 3 ವರ್ಷಗಳ ಸರಾಸರಿ ಲಾಭದಲ್ಲಿ ನೂರಕ್ಕೆ 2ರಷ್ಟನ್ನಾದರೂ ಸಮಾಜದ ಕೆಲಸಕ್ಕೆ ವ್ಯಯಿಸಬೇಕು. ಶುದ್ಧ ಕುಡಿಯುವ ನೀರು ಆ ಕೆಲಸಗಳ ಪಟ್ಟಿಯಲ್ಲಿದೆ. 2014ರ ಏಪ್ರಿಲಿನಿಂದ ಇದು ಜಾರಿಯಲ್ಲಿದೆ. ಲಾಭದಲ್ಲಿ ದುಡಿದವರ ಬೆವರೂ ಉಂಟಷ್ಟೆ. ಮೊಳ ಹಾಕಲು ನಮಗೆ ಹಕ್ಕಿದೆ.

ತನ್ನ ನೌಕರರಿಗಷ್ಟೇ ಮಾಡಿದ ಖರ್ಚನ್ನು ಕಂಪೆನಿಯು ಈ ಲೆಕ್ಕದಲ್ಲಿ ತೋರಿಸುವಂತಿಲ್ಲ. ಅದು ಸರಿಯೇ. ಕೆಲಸಗಾರನಿಗೆ ನೀರು ಕೊಡುವುದು ದಾನವೆಂದು ಯಾರು ಹೇಳಿದರು? ಕುಡಿಯುವ ನೀರು ಪಾಯಖಾನೆಯಿಂದ ದೂರವಿರಬೇಕು, 250ಕ್ಕೂ ಹೆಚ್ಚು ಜನರಿದ್ದಲ್ಲಿ ಬೇಸಗೆಯಲ್ಲಿ ತಣ್ಣೀರು ಒದಗಿಸಬೇಕು ಎಂದು 1948ರ ಕಾರ್ಖಾನೆ ಕಾಯಿದೆಯೇ ಬರೆದಿತ್ತು. ಮಿಲ್ಲಿನ ಹಳಬರು ಬಲ್ಲರು. ಹೋಟೆಲಿನಲ್ಲಾದರೋ, ಗಿರಾಕಿಗೆ ಫಿಲ್ಟರಿನ ನೀರು, ಅಟ್ಟದಲ್ಲಿ ಮಲಗುವ ನಮ್ಮ ಹುಡುಗರಿಗೆ ಡ್ರಮ್ಮಿನ ನೀರು ಇಟ್ಟ ಕಡೆಯಲ್ಲಿ ನಾನೇ ಕೆಲಸ ಮಾಡಿದ್ದೇನೆ.

ಕಂಪೆನಿಯ ನೀರು ಬೇಡವೆಂದು ನಾನು ಹೇಳುತ್ತಿಲ್ಲ. ಕೊಡಲಿ. ಯಂತ್ರದ ಜೊತೆಗೆ 5 ವರ್ಷದ ರಿಪೇರಿ ಖರ್ಚನ್ನೂ, ಅದನ್ನು ನೋಡಿಕೊಳ್ಳುವ ಊರಿನ ಒಬ್ಬನ ಸಂಬಳವನ್ನೂ ಬರೆದುಕೊಡಲಿ. ಆರಾರು ತಿಂಗಳಿಗೆ ನೀರಿನ ಪರೀಕ್ಷೆಯ ಫಲವನ್ನು ಅದೇ ಕಲ್ಲಿನ ಕೆಳಗೆ ಅಂಟಿಸಲಿ.

ಈ ಸಲ ಚೌತಿಗೆ ಊರಿಗೆ ಹೋಗುವವರು ನಿಮ್ಮ ಶಾಲೆಯ ನಳ್ಳಿಯನ್ನು ತಿರುಗಿಸಿ ನೋಡಿ. ನೀರು ಬಾರದಿದ್ದರೆ ಕಲ್ಲಿನ ಮೇಲಿನ ಹೆಸರನ್ನೂ ತಾರೀಕನ್ನೂ ಬರೆದುಕೊಂಡು ಭಾನುವಾರ ಸಂಘದ ಕಚೇರಿಗೆ ಬನ್ನಿ. ಕಾಗದ ನಾನು ಬರೆಯುತ್ತೇನೆ.