ಮೊಡವೆಗೆ ಮದ್ದು, ಮದ್ದಿಗೆ ತಾಳ್ಮೆ

ಹರೆಯದ ಮಕ್ಕಳಿರುವ ಮನೆಯಲ್ಲಿ ಕನ್ನಡಿಗೆ ಬಿಡುವೆಂಬುದಿಲ್ಲ. ಮಗಳು ಕಾಲೇಜಿಗೆ ಹೊರಡುವ ಮುನ್ನ ಮೂರು ಬಾರಿ ಮುಖ ನೋಡಿಕೊಳ್ಳುತ್ತಾಳೆ. “ವಯಸ್ಸಿನ ಗುಣ, ತಾನಾಗಿಯೇ ಹೋಗುತ್ತದೆ” ಎನ್ನುತ್ತಾರೆ ತಂದೆ. “ಅರಿಶಿನ ಹಚ್ಚಿಕೊಳ್ಳೇ” ಎನ್ನುತ್ತಾರೆ ಅಜ್ಜಿ. ಗೆಳತಿಯಾದರೋ ಎಂಟು ದಿನದಲ್ಲಿ ಗುಣ ತೋರುವ ಮುಲಾಮಿನ ಹೆಸರನ್ನೇ ಬರೆದುಕೊಡುತ್ತಾಳೆ.

ಕೊನೆಗೆ ಚರ್ಮವೈದ್ಯರು ರಾತ್ರಿ ಲೇಪಿಸಲು ಅಡಾಪಲೀನ್ ಕೊಡುತ್ತಾರೆ. ಮೊದಲ ವಾರಗಳಲ್ಲಿ ಚರ್ಮ ಒಣಗುತ್ತದೆ, ಉರಿಯುತ್ತದೆ, ಸಿಪ್ಪೆ ಏಳುತ್ತದೆ. ಗುಣ ಚೆನ್ನಾಗಿ ಕಾಣಲು 8ರಿಂದ 12 ವಾರಗಳೇ ಬೇಕು. ಮೊಡವೆ ಕಣ್ಣಿಗೆ ಬೀಳುವ ಎಷ್ಟೋ ದಿನ ಮೊದಲೇ ರೋಮರಂಧ್ರದೊಳಗೆ ಬೆಳೆಯತೊಡಗಿರುತ್ತದೆ. ಮದ್ದು ತಡೆಯುವುದು ಮುಖ್ಯವಾಗಿ ಮುಂದೆ ಬರಲಿರುವುದನ್ನು. ಕಷ್ಟ ಇಂದು, ಫಲ ಎಂದೋ! 3ನೆಯ ವಾರಕ್ಕೆ ಟ್ಯೂಬು ಕಪಾಟಿನ ಮೂಲೆ ಸೇರಿದರೆ ಆಶ್ಚರ್ಯವೇನು?

ಗೆಳತಿಯ ಮುಲಾಮಿಗೆ ಆಗ ಕಾಲ ಕೂಡಿಬರುತ್ತದೆ. ಅಂಥವುಗಳಲ್ಲಿ ಸ್ಟೀರಾಯ್ಡ್ ಬೆರೆತವು ಎಷ್ಟೋ. ಕೆಲವೇ ದಿನಗಳಲ್ಲಿ ಕೆಂಪು ಇಳಿದು ಮುಖ ಬೆಳ್ಳಗಾಗುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ, ಮೊಡವೆ ಇಮ್ಮಡಿಸಿ, ಬಿಟ್ಟರೆ ಉರಿ ತಾಳಲಾಗದಂತಾಗುತ್ತದೆ. ಇಂಥ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು 2018ರಲ್ಲಿ ಭಾರತ ಸರ್ಕಾರ ನಿಯಮ ಮಾಡಿತು. ಆದರೆ ಗೆಳತಿಯ ಶಿಫಾರಸಿಗೆ ಯಾವ ನಿಯಮ?

ರೋಗಿಯ ಒಲವನ್ನು ಮೊದಲೇ ಕೇಳಿಕೊಂಡರೆ ಮದ್ದು ಅರ್ಧಕ್ಕೆ ನಿಲ್ಲುವುದು ಕಡಿಮೆಯಾದೀತು. ಎರಡು ಹೊತ್ತು ಲೇಪಿಸಲು ಬೇಸರಪಡುವ ಹಾಸ್ಟೆಲಿನ ಹುಡುಗನಿಗೆ, ಎರಡು ಔಷಧಗಳು ಕೂಡಿರುವ, ದಿನಕ್ಕೊಮ್ಮೆ ಹಚ್ಚುವ ಮುಲಾಮು ಇದೆ. ಬೆನ್ಜಾಯಿಲ್ ಪೆರಾಕ್ಸೈಡಿನಿಂದ ದಿಂಬಿನ ಬಟ್ಟೆಯ ಬಣ್ಣ ಹೋಗುವುದೆಂದು ಮೊದಲೇ ತಿಳಿಸಿದರೆ ತಾಯಿಯ ಗದರಿಕೆ ತಪ್ಪುತ್ತದೆ. ಗುಳಿಗೆಯೇ ಬೇಕೆನ್ನುವವರಿಗೆ ಎಚ್ಚರಿಕೆಯ ಮಾತನ್ನೂ ಹೇಳಬೇಕು: ಐಸೊಟ್ರೆಟಿನಾಯಿನ್ ತೀವ್ರ ಮೊಡವೆಗೆ ಬಲವಾದ ಮದ್ದು ನಿಜ, ಆದರೆ ಗರ್ಭಸ್ಥ ಶಿಶುವಿಗೆ ಅದು ಘೋರ ಅಪಾಯ.

“ಯಾಕಮ್ಮಾ ಬಿಟ್ಟೆ?” ಎಂದು ವೈದ್ಯರು ಮೆಲ್ಲನೆ ಕೇಳಿದರೆ, “ಉರಿಯಿತು ಡಾಕ್ಟ್ರೇ” ಎಂದು ಹುಡುಗಿ ಬಾಯಿಬಿಟ್ಟಾಳು. ಉತ್ತರ ಸುಲಭ: ಬಟಾಣಿ ಕಾಳಿನಷ್ಟೇ ಮುಲಾಮು, ಒಂದು ರಾತ್ರಿ ಬಿಟ್ಟು ಒಂದು ರಾತ್ರಿ, ಜೊತೆಗೆ ಚರ್ಮ ಒಣಗದಂತೆ ಕಾಯುವ ಲೇಪ. ಇಷ್ಟನ್ನು ಮೊದಲ ದಿನವೇ ಹೇಳಿದ್ದರೆ ಗೆಳತಿಯ ಚೀಟಿ ಬೇಕಾಗುತ್ತಿರಲಿಲ್ಲ. ಮನೆಯವರೂ ಆ 12 ವಾರಗಳ ಕಾಲ ಅವಳ ಮುಖದ ಮಾತೆತ್ತದೆ ಇದ್ದರೆ, ಅದೂ ಚಿಕಿತ್ಸೆಯ ಒಂದು ಭಾಗವೇ.