ದ್ವೀಪದ ರಜೆಯೂ ಅಂಗಡಿಯ ಕೀಲಿಕೈಯೂ

ಸಣ್ಣ ವ್ಯಾಪಾರಿ ಹಾಗೂ ಸಣ್ಣ ಕೈಗಾರಿಕೋದ್ಯಮಿಯ ದಿನಚರಿಯಲ್ಲಿ ರಜೆಗೆ ಇಂದಿಗೂ ನಿಶ್ಚಿತವಾದ ಸ್ಥಾನವಿಲ್ಲ. ನೌಕರನಿಗೆ ಗಳಿಕೆ ರಜೆಯಿದೆ, ಕಾರ್ಮಿಕನಿಗೆ ವಾರದ ರಜೆಯಿದೆ. ಮಾಲೀಕನಿಗೆ ಮಾತ್ರ ಅಂಗಡಿಯ ಬಾಗಿಲು ಹಾಕಿದ ದಿನವೇ ವಿಶ್ರಾಂತಿಯ ದಿನ. ಆ ದಿನವೂ ಲೆಕ್ಕಪತ್ರ, ಬಾಕಿ ವಸೂಲಿ, ದಾಸ್ತಾನು ಪಟ್ಟಿ ಎಂದು ಕಳೆದುಹೋಗುವುದೇ ಹೆಚ್ಚು. ಮಕ್ಕಳ ಪರೀಕ್ಷೆಗಳು ಮುಗಿದ ಮೇಲೆ ಕುಟುಂಬದವರ ಒತ್ತಾಯಕ್ಕೆ ಮಣಿದು ಹೊರಟ ಪ್ರವಾಸದಲ್ಲಿಯೂ ಅಂಗಡಿ ಆತನ ಬೆನ್ನು ಬಿಡುವುದಿಲ್ಲ. ಹಿಂದೆ ಎಸ್‌ಟಿಡಿ ಬೂತ್‌ನಿಂದ ದಿನಕ್ಕೊಮ್ಮೆ ವಿಚಾರಿಸಿಕೊಳ್ಳುತ್ತಿದ್ದ ವ್ಯವಹಾರ ಈಗ ಜೇಬಿನಲ್ಲಿರುವ ಮೊಬೈಲ್ ಮೂಲಕ ದಿನವಿಡೀ ಜೊತೆಯಲ್ಲೇ ಸಂಚರಿಸುತ್ತದೆ.

ಈ ಸಮಸ್ಯೆ ಅತ್ಯಂತ ಸ್ಪಷ್ಟವಾಗಿ ಗೋಚರಿಸುವುದು ದ್ವೀಪ ಪ್ರವಾಸಗಳಲ್ಲಿ. ಬೆಂಗಳೂರಿನಿಂದ ನೇರ ವಿಮಾನ ಸಂಪರ್ಕ ದೊರೆತ ಮೇಲೆ ಕರ್ನಾಟಕದ ವರ್ತಕ ಕುಟುಂಬಗಳಿಗೆ ಅಂಡಮಾನ್ ದೂರದ ನಾಡಾಗಿ ಉಳಿದಿಲ್ಲ. ಆದರೆ ಅಲ್ಲಿಗೆ ಹೋದವರಲ್ಲಿ ಹಲವರು ಸಮುದ್ರಕ್ಕೆ ಬೆನ್ನು ಮಾಡಿ ನಿಂತು ಗುಮಾಸ್ತನೊಡನೆ ದರ ಮಾತನಾಡುತ್ತಿರುತ್ತಾರೆ. ಪ್ರವಾಸವೂ ಪೂರ್ಣವಲ್ಲ, ವ್ಯವಹಾರವೂ ಪೂರ್ಣವಲ್ಲ. ಇಂತಹ ರಜೆಯಿಂದ ಹಿಂತಿರುಗಿದವರು ಹೊರಟಾಗಿಗಿಂತ ಹೆಚ್ಚು ದಣಿದಿರುತ್ತಾರೆ ಎಂಬುದು ಅನೇಕರ ಅನುಭವ.

ಸಂಪರ್ಕ ಬಂದಿದೆ, ಎಲ್ಲೆಡೆ ಬಂದಿಲ್ಲ

ಕೆಲವೇ ವರ್ಷಗಳ ಹಿಂದೆ ಅಂಡಮಾನ್‌ನಲ್ಲಿ ಕುಳಿತು ಕರ್ನಾಟಕದ ವ್ಯವಹಾರ ನಡೆಸುವ ಮಾತೇ ಇರಲಿಲ್ಲ. ದ್ವೀಪಗಳ ಅಂತರ್ಜಾಲ ಸಂಪರ್ಕ ಉಪಗ್ರಹವನ್ನು ಅವಲಂಬಿಸಿತ್ತು. 2018ರ ಡಿಸೆಂಬರ್‌ನಲ್ಲಿ ಶಂಕುಸ್ಥಾಪನೆಗೊಂಡ ಚೆನ್ನೈ–ಅಂಡಮಾನ್ ಸಾಗರತಳದ ಕೇಬಲ್ 2020ರ ಆಗಸ್ಟ್ 10ರಂದು ಲೋಕಾರ್ಪಣೆಗೊಂಡಿತು. ಸುಮಾರು 2,300 ಕಿ.ಮೀ. ಉದ್ದದ, ಸುಮಾರು 1,224 ಕೋಟಿ ರೂ. ವೆಚ್ಚದ ಈ ಕೇಬಲ್ ರಾಜಧಾನಿ ಪೋರ್ಟ್ ಬ್ಲೇರ್ ಅನ್ನೂ, ಸ್ವರಾಜ್ ದ್ವೀಪ (ಹಿಂದಿನ ಹ್ಯಾವ್‌ಲಾಕ್) ಮೊದಲಾದ ಇತರ ದ್ವೀಪಗಳನ್ನೂ ಭಾರತದ ಮುಖ್ಯ ಭೂಭಾಗಕ್ಕೆ ಜೋಡಿಸಿತು. ಪೋರ್ಟ್ ಬ್ಲೇರ್‌ಗೆ 2024ರ ಸೆಪ್ಟೆಂಬರ್‌ನಲ್ಲಿ ಶ್ರೀ ವಿಜಯಪುರಂ ಎಂದು ಮರುನಾಮಕರಣವಾಗಿದೆ.

ಆದರೂ ದ್ವೀಪವು ದ್ವೀಪವೇ. ಕೇಬಲ್ ಎಲ್ಲ ದ್ವೀಪಗಳನ್ನೂ ತಲುಪಿಲ್ಲ. ಶ್ರೀ ವಿಜಯಪುರಂನಿಂದ ಸ್ವರಾಜ್ ದ್ವೀಪಕ್ಕೆ ಹಡಗಿನಲ್ಲಿ ಸಾಗುವ ಒಂದೂವರೆಯಿಂದ ಎರಡೂವರೆ ಗಂಟೆಗಳ ಅವಧಿಯಲ್ಲಿ ಮೊಬೈಲ್ ಸಂಪರ್ಕವನ್ನು ನೆಚ್ಚುವಂತಿಲ್ಲ. ಬಾರಾಟಾಂಗ್‌ನ ಸುಣ್ಣದ ಕಲ್ಲಿನ ಗುಹೆಗಳನ್ನು ನೋಡಲು ರಸ್ತೆಯ ಮೂಲಕ ಹೊರಟವರು ಜಾರವಾ ಬುಡಕಟ್ಟಿನ ಮೀಸಲು ಪ್ರದೇಶವನ್ನು ದಾಟಬೇಕು. ಅಲ್ಲಿ ವಾಹನಗಳು ನಿಗದಿತ ವೇಳೆಗೆ, ಸಾಲಾಗಿ, ಕಾವಲಿನೊಡನೆ ಸಾಗುತ್ತವೆ, ಛಾಯಾಗ್ರಹಣ ನಿಷಿದ್ಧ. ನಸುಕಿನಲ್ಲಿ ಹೊರಟರೆ ಹಿಂತಿರುಗುವ ಹೊತ್ತಿಗೆ ದಿನವೇ ಮುಗಿದಿರುತ್ತದೆ. ಸಮುದ್ರ ಪ್ರಕ್ಷುಬ್ಧವಾದರೆ ಹಡಗುಗಳೇ ರದ್ದಾಗುತ್ತವೆ. ಆದುದರಿಂದ ಮೊಬೈಲ್ ಇದೆ, ಎಲ್ಲಿಂದಲಾದರೂ ನೋಡಿಕೊಂಡರಾಯಿತು ಎಂಬ ಧೈರ್ಯದಿಂದ ಹೊರಡುವುದು ವಿವೇಕವಲ್ಲ. ಸಂಪರ್ಕ ಇರುವ ಗಂಟೆಗಳನ್ನೂ ಇಲ್ಲದ ಗಂಟೆಗಳನ್ನೂ ಮೊದಲೇ ಲೆಕ್ಕ ಹಾಕಿ, ಬಾರಾಟಾಂಗ್‌ನಂತಹ ದಿನವನ್ನು ಸಂಪೂರ್ಣ ರಜಾದಿನವೆಂದು ಮೊದಲೇ ಸಾರುವುದು ಲೇಸು.

ಸೂರ್ಯನ ಗಡಿಯಾರ

ಅಂಡಮಾನ್‌ಗೆ ಹೋದವರು ಗಮನಿಸಬೇಕಾದ ಇನ್ನೊಂದು ಅಂಶವಿದೆ. ದೇಶಕ್ಕೆಲ್ಲ ಒಂದೇ ಸಮಯವಾದರೂ ಸೂರ್ಯ ಅದನ್ನು ಪಾಲಿಸುವುದಿಲ್ಲ. ಬೆಂಗಳೂರು ಸುಮಾರು 77.6 ಡಿಗ್ರಿ ಪೂರ್ವ ರೇಖಾಂಶದಲ್ಲಿದ್ದರೆ ಶ್ರೀ ವಿಜಯಪುರಂ ಸುಮಾರು 92.7 ಡಿಗ್ರಿಯಲ್ಲಿದೆ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಅಲ್ಲಿನ ಸೂರ್ಯ ಬೆಂಗಳೂರಿನ ಸೂರ್ಯನಿಗಿಂತ ಸುಮಾರು ಒಂದು ಗಂಟೆ ಮುಂದಿರುತ್ತಾನೆ. ಡಿಸೆಂಬರ್‌ನಲ್ಲಿ ಅಲ್ಲಿ ಬೆಳಗಿನ ಐದೂವರೆಗೆ ಬೆಳಕು ಹರಿಯುತ್ತದೆ, ಸಂಜೆ ಐದರ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ಬೇಸಿಗೆಯಲ್ಲಿ ಸೂರ್ಯೋದಯ ಐದು ಗಂಟೆಯ ಆಸುಪಾಸಿಗೆ ಬರುತ್ತದೆ.

ಈ ಒಂದು ಗಂಟೆ ವರ್ತಕನಿಗೆ ದೊರೆತ ಲಾಭ. ಕರ್ನಾಟಕದ ಪೇಟೆಗಳಲ್ಲಿ ಅಂಗಡಿಗಳ ಬಾಗಿಲು ತೆರೆಯುವುದು ಸಾಮಾನ್ಯವಾಗಿ ಹತ್ತರ ಹೊತ್ತಿಗೆ. ಬ್ಯಾಂಕು, ಸಾರಿಗೆ ಕಚೇರಿಗಳ ವ್ಯವಹಾರ ಆರಂಭವಾಗುವುದೂ ಹೆಚ್ಚುಕಡಿಮೆ ಆಗಲೇ. ಅಷ್ಟರೊಳಗೆ ದ್ವೀಪದಲ್ಲಿ ನಾಲ್ಕು ಗಂಟೆಗಳಿಗೂ ಹೆಚ್ಚು ಕಾಲದ ಒಳ್ಳೆಯ ಬೆಳಕು ಕಳೆದಿರುತ್ತದೆ. ಬೆಳಗಿನ ಜಾವ ಎದ್ದು ಕಡಲ ತೀರ, ತಂಪು ಹೊತ್ತಿನ ನಡಿಗೆ ಮುಗಿಸಿ ಬಂದರೂ ಊರಿನ ಅಂಗಡಿಯ ಬಾಗಿಲು ತೆರೆಯುವ ವೇಳೆಗೆ ಮಾಲೀಕ ಕೆಲಸಕ್ಕೆ ಸಿದ್ಧನಿರಬಹುದು. ಹತ್ತೂವರೆಯಿಂದ ಹನ್ನೆರಡೂವರೆಯವರೆಗೆ, ಬಿಸಿಲು ಏರುವ ಹೊತ್ತಿನಲ್ಲಿ, ಕೊಠಡಿಯಲ್ಲಿ ಕುಳಿತು ಖರೀದಿ, ಪಾವತಿ, ಬಂದ ಆರ್ಡರುಗಳ ವಿಚಾರಣೆ ನಡೆಸಬಹುದು. ಮಧ್ಯಾಹ್ನದ ನಂತರದ ಸಮಯ ಮತ್ತೆ ಕುಟುಂಬಕ್ಕೆ. ಪಶ್ಚಿಮಕ್ಕೆ ಮುಖ ಮಾಡಿರುವ ರಾಧಾನಗರ ಕಡಲ ತೀರದ ಸೂರ್ಯಾಸ್ತವನ್ನು ನೋಡಬೇಕಾದವರು ಐದಕ್ಕೆ ಮೊದಲೇ ಅಲ್ಲಿರಬೇಕು. ಸಂಜೆ ಏಳರಿಂದ ಎಂಟರವರೆಗೆ, ದ್ವೀಪದಲ್ಲಿ ಕತ್ತಲಾಗಿ ನೋಡುವುದಕ್ಕೆ ಹೆಚ್ಚೇನೂ ಉಳಿದಿರದ ಹೊತ್ತಿನಲ್ಲಿ, ಊರಿನ ಗಲ್ಲಾಪೆಟ್ಟಿಗೆಯ ದಿನದ ಲೆಕ್ಕ ಕೇಳಬಹುದು.

ಹೀಗೆ ದಿನಕ್ಕೆ ಮೂರು ಗಂಟೆ, ಎರಡು ನಿಶ್ಚಿತ ವೇಳೆಗಳಲ್ಲಿ. ಉಳಿದ ಹೊತ್ತಿನಲ್ಲಿ ಕರೆ ಸ್ವೀಕರಿಸುವುದಿಲ್ಲ ಎಂಬ ನಿಯಮ. ದಿನವಿಡೀ ಐದೈದು ನಿಮಿಷದಂತೆ ಹರಿದುಹೋಗುವ ಗಮನಕ್ಕಿಂತ ಈ ಮೂರು ಗಂಟೆಗಳ ಕೆಲಸ ಹೆಚ್ಚು ಫಲಕಾರಿ ಎಂಬುದರಲ್ಲಿ ಸಂದೇಹವಿಲ್ಲ. ವೇಳೆ ತಿಳಿದಿದ್ದರೆ ಗುಮಾಸ್ತನೂ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಇಡುತ್ತಾನೆ. ಅವುಗಳಲ್ಲಿ ಅರ್ಧದಷ್ಟಕ್ಕೆ ತಾನೇ ಉತ್ತರ ಕಂಡುಕೊಳ್ಳುತ್ತಾನೆ.

ಹೊರಡುವ ಮುನ್ನ

ಸಮತೋಲನ ಸಾಧಿಸುವ ಕೆಲಸ ನಿಜವಾಗಿ ನಡೆಯುವುದು ದ್ವೀಪದಲ್ಲಲ್ಲ, ಹೊರಡುವ ಮುನ್ನ ಊರಿನಲ್ಲಿ. ಮೊದಲನೆಯದು ದಿನಾಂಕಗಳ ಆಯ್ಕೆ. ಸಾಮಾನ್ಯವಾಗಿ ತಿಂಗಳ 7ರಂದು ಮೂಲದಲ್ಲಿ ಕಡಿತಗೊಳಿಸಿದ ತೆರಿಗೆಯ ಪಾವತಿ, 11ರಂದು ಜಿಎಸ್‌ಟಿಆರ್-1, 15ರಂದು ಭವಿಷ್ಯ ನಿಧಿ ಮತ್ತು ಇಎಸ್‌ಐ ವಂತಿಗೆ, 20ರಂದು ಜಿಎಸ್‌ಟಿಆರ್-3ಬಿ. ಇವೆಲ್ಲ ಮುಗಿದು ಸಂಬಳ ಬಟವಾಡೆಗೆ ಇನ್ನೂ ಕೆಲವು ದಿನಗಳಿರುವ 21ರಿಂದ 28ರ ನಡುವಿನ ವಾರ ಮಾಸಿಕ ವಿವರಪಟ್ಟಿ ಸಲ್ಲಿಸುವವರಿಗೆ ಅನುಕೂಲಕರ. ತ್ರೈಮಾಸಿಕ ಯೋಜನೆಯನ್ನು ಆರಿಸಿಕೊಂಡವರಿಗೆ ತ್ರೈಮಾಸಿಕದ ಮೊದಲೆರಡು ತಿಂಗಳ ತೆರಿಗೆ ಪಾವತಿ ಮರುತಿಂಗಳ 25ಕ್ಕೂ, ಕರ್ನಾಟಕದಲ್ಲಿ ತ್ರೈಮಾಸಿಕ ವಿವರಪಟ್ಟಿ 22ಕ್ಕೂ ಬೀಳುವುದರಿಂದ ಅವರು ಅದನ್ನು ಮುಂಚಿತವಾಗಿಯೇ ಮುಗಿಸಿ ಹೊರಡುವುದು ಒಳಿತು.

ಎರಡನೆಯದು ಅಧಿಕಾರದ ಹಂಚಿಕೆ. ಅನೇಕ ಅಂಗಡಿಗಳಲ್ಲಿ ಕ್ಯೂಆರ್ ಸಂಕೇತಕ್ಕೆ ಹಣ ಬಂದ ಸಂದೇಶ ಮಾಲೀಕನ ಮೊಬೈಲ್‌ಗೆ ಮಾತ್ರ ತಲುಪುತ್ತದೆ. ಮಾಲೀಕ ಹಡಗಿನಲ್ಲಿದ್ದಾಗ ಗಿರಾಕಿ ಗಲ್ಲಾದ ಮುಂದೆ ನಿಂತು ಕಾಯಬೇಕಾಗುತ್ತದೆ, ಇಲ್ಲವೇ ಹುಡುಗ ಗಿರಾಕಿಯ ಮೊಬೈಲ್ ಪರದೆಯನ್ನೇ ನಂಬಿ ಸರಕು ಕೊಟ್ಟು ಕಳುಹಿಸುತ್ತಾನೆ. ಹಣ ಬಂದುದನ್ನು ಗಟ್ಟಿಯಾಗಿ ಹೇಳುವ ಒಂದು ಸಣ್ಣ ಪೆಟ್ಟಿಗೆ ಈ ತೊಂದರೆಯನ್ನು ನಿವಾರಿಸುತ್ತದೆ. ಅಂತೆಯೇ, 50,000 ರೂ. ಮೀರಿದ ಸರಕು ಸಾಗಣೆಗೆ ಬೇಕಾಗುವ ಇ-ವೇ ಬಿಲ್‌ನ ಜಾಲತಾಣದಲ್ಲಿ ಉಪ ಬಳಕೆದಾರರನ್ನು ನೇಮಿಸುವ ಅವಕಾಶವಿದೆ. ಸಾಮಾನ್ಯ ಸರಕಿಗೆ 200 ಕಿ.ಮೀ.ಗೆ ಒಂದು ದಿನದಂತೆ ಈ ಬಿಲ್‌ನ ಅವಧಿ ನಿಗದಿಯಾಗಿದ್ದು, ವಿಸ್ತರಣೆಗೆ ಅವಧಿ ಮುಗಿಯುವ ಎಂಟು ಗಂಟೆ ಮೊದಲಿನಿಂದ ಎಂಟು ಗಂಟೆ ನಂತರದವರೆಗೆ ಮಾತ್ರ ಅವಕಾಶ. ಲಾರಿ ಮಾರ್ಗಮಧ್ಯೆ ಕೆಟ್ಟು ನಿಂತ ರಾತ್ರಿ ಆ ಕೆಲಸ ಮಾಡಬಲ್ಲವನು ಊರಿನಲ್ಲಿರಬೇಕು. ದ್ವೀಪದಲ್ಲಿ ನಿದ್ರಿಸುತ್ತಿರುವ ಮಾಲೀಕನಲ್ಲ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಅಧಿಕಾರ ಕೊಡುವುದೆಂದರೆ ಗುಪ್ತಪದವನ್ನೂ ಒಟಿಪಿಯನ್ನೂ ಫೋನಿನಲ್ಲಿ ಓದಿ ಹೇಳುವುದಲ್ಲ. ಡಿಜಿಟಲ್ ಸಹಿಯ ಟೋಕನ್ ಅನ್ನು ಮೇಜಿನ ಸೆಳೆಖಾನೆಯಲ್ಲಿ ಬಿಟ್ಟುಹೋಗುವುದಂತೂ ಅಲ್ಲವೇ ಅಲ್ಲ. ಬ್ಯಾಂಕಿನ ವ್ಯವಹಾರ ಖಾತೆಗಳಲ್ಲಿ ಒಬ್ಬರು ಪಾವತಿಯನ್ನು ಸಿದ್ಧಪಡಿಸಿ ಇನ್ನೊಬ್ಬರು ಅನುಮೋದಿಸುವ ಸೌಲಭ್ಯವಿದೆ. ಸಿದ್ಧಪಡಿಸುವ ಕೆಲಸ ಗುಮಾಸ್ತನದು, ಅನುಮೋದನೆ ಮಾಲೀಕನದು. ಆ ಅನುಮೋದನೆಯನ್ನೂ ಹೋಟೆಲಿನ ಸಾರ್ವಜನಿಕ ವೈಫೈ ಬಿಟ್ಟು ಸ್ವಂತ ಮೊಬೈಲ್ ಸಂಪರ್ಕದಿಂದಲೇ ಮಾಡುವುದು ಕ್ಷೇಮ. ಇಷ್ಟು ಮೊತ್ತದವರೆಗೆ ಖರೀದಿ, ಇಷ್ಟು ಶೇಕಡಾ ರಿಯಾಯಿತಿ, ಇಂತಿಂಥ ಗಿರಾಕಿಗಳಿಗೆ ಸಾಲ ಎಂದು ಒಂದು ಹಾಳೆಯಲ್ಲಿ ಬರೆದಿಟ್ಟರೆ ಅರ್ಧ ಕರೆಗಳು ತಾವಾಗಿಯೇ ನಿಲ್ಲುತ್ತವೆ. ಕಾರ್ಖಾನೆಯಲ್ಲಾದರೆ ವಿದ್ಯುತ್, ಯಂತ್ರ, ಅಪಘಾತ ಇವುಗಳ ವಿಷಯದಲ್ಲಿ ತಕ್ಷಣ ನಿರ್ಧಾರ ಕೈಗೊಳ್ಳಬೇಕಾದ ವ್ಯಕ್ತಿ ಯಾರೆಂಬುದನ್ನು ಎಲ್ಲ ಕಾರ್ಮಿಕರಿಗೂ ತಿಳಿಸಿರಬೇಕು.

ಮೂರನೆಯದು ಲೆಕ್ಕದ ಶಿಸ್ತು. ದಿನಕ್ಕೆ ಎರಡು ಗಂಟೆ ವ್ಯವಹಾರ ಮಾತನಾಡಿದ ಮಾತ್ರಕ್ಕೆ ಕುಟುಂಬದ ಪ್ರವಾಸ ವ್ಯಾಪಾರದ ಪ್ರವಾಸವಾಗುವುದಿಲ್ಲ. ವ್ಯವಹಾರಕ್ಕೆಂದೇ ಮಾಡಿದ ಖರ್ಚಿಗೆ ಮಾತ್ರ ಆದಾಯ ತೆರಿಗೆಯಲ್ಲಿ ಮಾನ್ಯತೆ. ಸ್ವಂತಕ್ಕೆ ಬಳಸಿದ ಸೇವೆಗಳ ಮೇಲಿನ ಜಿಎಸ್‌ಟಿಗೆ ಹೂಡುವಳಿ ತೆರಿಗೆ ಜಮೆ ದೊರೆಯುವುದಿಲ್ಲ. ವಿಮಾನ ಮತ್ತು ಹೋಟೆಲಿನ ಬಿಲ್ಲುಗಳನ್ನು ಸಂಸ್ಥೆಯ ಲೆಕ್ಕಕ್ಕೆ ಸೇರಿಸುವ ಆಸೆಯಿಂದ ದೂರವಿರುವುದೇ ಲಾಭಕರ.

ಆಕ್ಷೇಪವೂ ಸಮಾಧಾನವೂ

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. ಒಂದು, ರಜೆಯೆಂದರೆ ಸಂಪೂರ್ಣ ರಜೆಯಾಗಿರಬೇಕು, ಮೂರು ಗಂಟೆಯ ಕೆಲಸವೂ ಏಕೆ ಎಂಬುದು. ಆದರ್ಶವಾಗಿ ಇದು ಸರಿ. ಆದರೆ ಹತ್ತು ಜನರ ಸಣ್ಣ ಘಟಕದಲ್ಲಿ ಖರೀದಿ ವಿಭಾಗವೂ ಹಣಕಾಸು ವಿಭಾಗವೂ ಮಾಲೀಕನೇ ಆಗಿರುತ್ತಾನೆ. ಸಂಪೂರ್ಣ ರಜೆಯೊಂದೇ ಸರಿಯೆಂದು ಹಟ ಹಿಡಿದರೆ ಅವನು ಹೊರಡುವುದೇ ಇಲ್ಲ. ಮೂರು ಗಂಟೆಯ ಕೆಲಸ ಅವನನ್ನು ಮನೆಯಿಂದ ಹೊರಡಿಸುವ ಒಪ್ಪಂದ.

ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರವಾದುದು: ಮಾಲೀಕನ ಕಣ್ಣಿಲ್ಲದಿದ್ದರೆ ಅಂಗಡಿ ಹಾಳಾಗುತ್ತದೆ, ನಂಬುವುದಾದರೂ ಯಾರನ್ನು ಎಂಬುದು. ಈ ಭಯ ನಿರಾಧಾರವಲ್ಲ. ಆದರೆ ರಜೆ ಮೊದಲೇ ತಿಳಿಸಿ ಬರುವ ಗೈರುಹಾಜರಿ. ಕಾಯಿಲೆ, ಅಪಘಾತ, ಮನೆಯ ಆಪತ್ತು ತಿಳಿಸದೇ ಬರುವ ಗೈರುಹಾಜರಿ. ಆರು ದಿನ ಮಾಲೀಕನಿಲ್ಲದೆ ನಡೆಯಲಾರದ ವ್ಯಾಪಾರ, ಅವನು ಆಸ್ಪತ್ರೆಯಲ್ಲಿ ಆರು ವಾರ ಮಲಗಿದರೆ ಏನಾದೀತು ಎಂಬ ಪ್ರಶ್ನೆಗೆ ಉತ್ತರವಿರಬೇಕು. 2020ರ ಲಾಕ್‌ಡೌನ್ ಹಾಗೂ 2021ರ ಎರಡನೆಯ ಅಲೆ ಈ ಪ್ರಶ್ನೆಯನ್ನು ಅನೇಕ ವರ್ತಕ ಕುಟುಂಬಗಳ ಮುಂದೆ ನಿಷ್ಠುರವಾಗಿ ಇಟ್ಟಿದ್ದವು. ಯಾವ ಖಾತೆಗೆ ಯಾರ ಸಹಿ, ಯಾರಿಂದ ಎಷ್ಟು ಬಾಕಿ, ಯಾವ ಕಪಾಟಿನ ಕೀಲಿಕೈ ಎಲ್ಲಿ ಎಂಬುದು ಒಬ್ಬನ ನೆನಪಿನಲ್ಲಿ ಮಾತ್ರ ಇದ್ದ ಕಡೆಗಳಲ್ಲಿ ದುಃಖದ ಜೊತೆಗೆ ನಷ್ಟವೂ ಬಂತು.

ಆ ದೃಷ್ಟಿಯಿಂದ ಪ್ರವಾಸವು ಸಂಸ್ಥೆಗೆ ಅಗ್ಗದಲ್ಲಿ ದೊರೆಯುವ ಒಂದು ಪರೀಕ್ಷೆ. ಹಿಂತಿರುಗಿದ ಮೇಲೆ ಮಾಲೀಕ ಮಾಡಬೇಕಾದ ಮೊದಲ ಕೆಲಸ ಗುಮಾಸ್ತನ ತಪ್ಪುಗಳನ್ನು ಎಣಿಸುವುದಲ್ಲ; ಆರು ದಿನಗಳಲ್ಲಿ ತನಗೆ ಬಂದ ಕರೆಗಳನ್ನು ಪಟ್ಟಿ ಮಾಡುವುದು. ಪ್ರತಿಯೊಂದು ಕರೆಯೂ ಒಂದು ಕೊರತೆಯನ್ನು ತೋರಿಸುತ್ತದೆ: ಬರೆದಿಡದ ದರ, ಕೊಡದ ಅಧಿಕಾರ, ಕಲಿಸದ ಕೆಲಸ. ಆ ಪಟ್ಟಿ ಮುಂದಿನ ವರ್ಷದ ಹೊತ್ತಿಗೆ ಅರ್ಧಕ್ಕಿಳಿದರೆ ಪ್ರವಾಸದ ಖರ್ಚು ಸಾರ್ಥಕ. ಮಾಲೀಕನಿಲ್ಲದಾಗ ಹೊಣೆ ಹೊತ್ತ ಗುಮಾಸ್ತನಿಗೂ ಆನಂತರ ನಾಲ್ಕು ದಿನ ಫೋನಿನ ಕಾಟವಿಲ್ಲದ ರಜೆ ಸಲ್ಲಬೇಕಾದುದು ನ್ಯಾಯ.

ಈ ದಿಸೆಯಲ್ಲಿ ವಾಣಿಜ್ಯೋದ್ಯಮ ಸಂಸ್ಥೆಗಳ ಪಾತ್ರವೂ ಇದೆ. ಸಣ್ಣ ಸಂಸ್ಥೆಗಳಿಗೆ ಅನುಕೂಲವಾಗುವಂತೆ ಅಧಿಕಾರ ಹಂಚಿಕೆಯ ಒಂದು ಮಾದರಿ ಪತ್ರ, ಉಪ ಬಳಕೆದಾರರ ನೇಮಕ ಮತ್ತು ಬ್ಯಾಂಕ್ ಅನುಮೋದನೆಯ ಕುರಿತು ಅರ್ಧ ದಿನದ ಕಾರ್ಯಾಗಾರ ಏರ್ಪಡಿಸುವುದು ಕಷ್ಟದ ಕೆಲಸವಲ್ಲ. ಬೇಸಿಗೆ ರಜೆಗೆ ಎರಡು ತಿಂಗಳು ಮುನ್ನ ಇದು ನಡೆದರೆ ಸದಸ್ಯರಿಗೆ ಹೆಚ್ಚು ಉಪಯುಕ್ತ. ಮೇ ಉತ್ತರಾರ್ಧದಲ್ಲಿ ಅಂಡಮಾನ್‌ಗೆ ಮುಂಗಾರು ಕಾಲಿಡುವುದರಿಂದ, ಅಲ್ಲಿಗೆ ಹೋಗುವವರು ಏಪ್ರಿಲ್ ಕೊನೆಯೊಳಗೆ ಹೋಗಿಬರುವುದು ಸೂಕ್ತ.

ಅಂಗಡಿಯ ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಸಮುದ್ರಕ್ಕೆ ಇಳಿಯುವವನಿಗೆ ಈಜುವುದೂ ಕಷ್ಟ, ಕೀಲಿಕೈ ಕಳೆದುಹೋಗುವ ಭಯವೂ ತಪ್ಪದು. ಅದನ್ನು ಒಬ್ಬ ನಂಬಿಗಸ್ತನ ಕೈಗೆ, ಲೆಕ್ಕಕ್ಕೆ ಸಹಿ ಪಡೆದು, ಕೊಟ್ಟು ಹೊರಡುವುದನ್ನು ವರ್ತಕ ಸಮುದಾಯ ರೂಢಿಸಿಕೊಳ್ಳಬೇಕಾಗಿದೆ.