ಗೋಡೆಯ ಮೇಲಣ ಗುರುತು



ದೇವರಿಲ್ಲವೆಂದು ನಂಬಿದವನಿಗೆ ದೇವರ ಗುರುತನ್ನು ಕಂಡು ಅಂಜಿಕೆ ಏಕೆ? ಹಗ್ಗವನ್ನು ಹಾವೆಂದು ಭ್ರಮಿಸಿದವನು ಬೆದರುವುದು ಸಹಜ. ಅದು ಹಗ್ಗವೇ ಎಂದು ನಿಶ್ಚಯಿಸಿಕೊಂಡವನೂ ಬೆದರಿದರೆ ಅದಕ್ಕೆ ಏನೆನ್ನಬೇಕು? ನಾಸ್ತಿಕರೆಲ್ಲರೂ ಹೀಗೆ ಬೆದರುವರೆಂದಲ್ಲ. ಗೋಪುರದ ಮುಂದೆಯೂ ಶಿಲುಬೆಯ ಮುಂದೆಯೂ ನಿಶ್ಚಿಂತರಾಗಿ ನಡೆದುಹೋಗುವವರು ಅವರಲ್ಲಿ ಅನೇಕರುಂಟು. ಆದರೆ ಕೆಲವರಿಗೆ ಸಾರ್ವಜನಿಕ ಸ್ಥಳದಲ್ಲಿರುವ ಮತಚಿಹ್ನೆಯು ಎದೆಗೆ ಚುಚ್ಚಿದಂತಾಗುವುದು. ಅವರನ್ನು ಹಾಸ್ಯಮಾಡುವುದು ಸುಲಭ. ಅವರ ಅಂಜಿಕೆಯ ಬೇರನ್ನು ಹುಡುಕುವುದು ಕೊಂಚ ಕಷ್ಟ. ಈ ತಿಂಗಳು ಆ ಕಷ್ಟವನ್ನೇ ಸ್ವಲ್ಪ ಪಡೋಣ.

ಇಟಲಿ ದೇಶದಲ್ಲಿ ಪಾದುವಾ ನಗರಕ್ಕೆ ಸಮೀಪವಾಗಿ ಆಬಾನೋ ತೆರ್ಮೆ ಎಂಬ ಊರಿದೆ. ಅಲ್ಲಿಯ ಸರಕಾರಿ ಪಾಠಶಾಲೆಯಲ್ಲಿ 2001-02ನೆಯ ಸಾಲಿನಲ್ಲಿ ಸೊಯಿಲೆ ಲೌತ್ಸಿ ಎಂಬಾಕೆಯ ಇಬ್ಬರು ಗಂಡುಮಕ್ಕಳು ಓದುತ್ತಿದ್ದರು. ತರಗತಿಗಳ ಗೋಡೆಯ ಮೇಲೆ ಯೇಸುವಿನ ಶಿಲುಬೆಯಿತ್ತು. ಮಕ್ಕಳನ್ನು ಯಾವ ಮತಕ್ಕೂ ಕಟ್ಟದೆ ಬೆಳಸಬೇಕೆಂಬುದು ಆ ತಾಯಿಯ ಸಂಕಲ್ಪ. ಶಿಲುಬೆಯನ್ನು ಇಳಿಸಬೇಕೆಂಬ ಮಾತು ಬಂದಾಗ ಶಾಲೆಯ ಮಂಡಳಿಯು 2002ರಲ್ಲಿ ಆಗದೆಂದಿತು. ಆಕೆ ಇಟಲಿಯ ನ್ಯಾಯಸ್ಥಾನಗಳಲ್ಲಿ ಸೋತು, ಸ್ಟ್ರಾಸ್‌ಬರ್ಗಿನಲ್ಲಿರುವ ಐರೋಪ್ಯ ಮಾನವಹಕ್ಕುಗಳ ನ್ಯಾಯಾಲಯದವರೆಗೂ ಹೋದಳು. 2009ರ ನವೆಂಬರಿನಲ್ಲಿ ಅಲ್ಲಿಯ 7 ಮಂದಿ ನ್ಯಾಯಾಧೀಶರು ಏಕಮತದಿಂದ ಆಕೆಯ ಪರವಾಗಿ ತೀರ್ಪಿತ್ತರು; ಶಿಲುಬೆಯು ಮಕ್ಕಳ ಮನಸ್ಸಿನ ಮೇಲೆ ಬಲವಾಗಿ ನಾಟತಕ್ಕ ಚಿಹ್ನೆಯೆಂಬುದು ಅವರ ಮತ. 2011ರ ಮಾರ್ಚ್ 18ರಂದು 17 ಮಂದಿಯ ಮಹಾಪೀಠವು ಆ ತೀರ್ಪನ್ನು ತಿರುಗಿಸಿತು. ಗೋಡೆಯ ಮೇಲಿನ ಶಿಲುಬೆಯು ಪಾಠ ಹೇಳದು, ಪ್ರಾರ್ಥನೆ ಮಾಡಿಸದು, ತನ್ನಷ್ಟಕ್ಕೆ ತಾನಿರುವ ಗುರುತೆಂದು 15 ಮಂದಿ ಭಾವಿಸಿದರು. ಇಬ್ಬರು ಮಾತ್ರ ಒಪ್ಪಲಿಲ್ಲ.

ಅದೇ ಶಿಲುಬೆ, ಅದೇ ಗೋಡೆ. ಒಮ್ಮೆ ಬಲಿಷ್ಠವಾಗಿಯೂ ಮತ್ತೊಮ್ಮೆ ಮೌನವಾಗಿಯೂ ಕಂಡದ್ದು ಹೇಗೆ? ಪಡಸಾಲೆಯ ಗಡಿಯಾರದ ಸದ್ದು ಮನೆಯವರ ಕಿವಿಗೆ ಬೀಳುವುದೇ ಇಲ್ಲ. ಹೊಸದಾಗಿ ಬಂದ ನೆಂಟನಿಗಾದರೋ ಅದು ರಾತ್ರಿಯೆಲ್ಲ ನಿದ್ದೆಗೆಡಿಸುವುದು. ಹುಟ್ಟಿನಿಂದ ನೋಡುತ್ತ ಬಂದ ಚಿಹ್ನೆ ನಮಗೆ ಕಾಣುವುದಿಲ್ಲ. ಹೊರಗಿನವನಿಗೆ ಅದಲ್ಲದೆ ಬೇರೇನೂ ಕಾಣುವುದಿಲ್ಲ. ಆದುದರಿಂದ “ಅದು ನಿನಗೇನು ಮಾಡೀತು?” ಎಂದು ಒಳಗಿನವನು ಕೇಳುವ ಪ್ರಶ್ನೆ ಕಪಟವಲ್ಲ, ಹೊರಗಿನವನ ಸಂಕಟವೂ ಕಪಟವಲ್ಲ.

ಇಷ್ಟೇ ಆದರೆ ಅದು ಅಭ್ಯಾಸದ ಮಾತಾಗುತ್ತಿತ್ತು. ಅಂಜಿಕೆಗೆ ಇನ್ನೂ ಆಳವಾದ ಕಾರಣವೊಂದಿದೆ. ನಮ್ಮಲ್ಲಿ ಹಿಂದೆ ಕಣದ ರಾಶಿಯ ಮೇಲೆ, ಪಾಲಾಗುವವರೆಗೆ ಯಾರೂ ಮುಟ್ಟಬಾರದೆಂದು, ಮುದ್ರೆಯೊತ್ತುವ ವಾಡಿಕೆಯಿತ್ತು. ಚಿಹ್ನೆಯು ಅರ್ಥವನ್ನು ಹೇಳುವುದು; ಮುದ್ರೆಯು ಒಡೆತನವನ್ನು ಹೇಳುವುದು. ಕೊರಳಿನಲ್ಲಿರುವ ಶಿಲುಬೆ ಒಬ್ಬನ ಭಕ್ತಿಯ ಚಿಹ್ನೆ. ಸರಕಾರವೇ ಮೊಳೆ ಹೊಡೆದು ತೂಗುಹಾಕಿದ ಶಿಲುಬೆ, ಈ ಮನೆ ಇಂಥವರದು ಎಂದು ಸಾರುವ ಮುದ್ರೆಯಾಗಿಯೂ ತೋರಬಹುದು. ಇಟಲಿಯ ಚರಿತ್ರೆಯಲ್ಲಿ ಇದಕ್ಕೆ ಆಧಾರವಿದೆ. ಮುಸೊಲಿನಿಯ ಆಡಳಿತದಲ್ಲಿ ಹೊರಟ 1924ರ ರಾಜಶಾಸನವು ಪ್ರತಿಯೊಂದು ತರಗತಿಯಲ್ಲಿಯೂ ಶಿಲುಬೆಯಿರಬೇಕು, ಜೊತೆಗೆ ಅರಸನ ಚಿತ್ರಪಟವಿರಬೇಕು ಎಂದು ವಿಧಿಸಿತು. 1928ರ ಶಾಸನವು ಶಿಲುಬೆಯನ್ನು ಶಾಲೆಯ ಉಪಕರಣಗಳ ಪಟ್ಟಿಯಲ್ಲಿಯೇ ಸೇರಿಸಿತು. 1946ರಲ್ಲಿ ಅರಸೊತ್ತಿಗೆ ಹೋಯಿತು, ಶಿಲುಬೆ ಉಳಿಯಿತು. ಅರಸನ ಪಟದ ಪಕ್ಕದಲ್ಲಿ ಆಜ್ಞೆಯಿಂದ ಏರಿದ ವಸ್ತುವನ್ನು ಒಬ್ಬನು ಆಜ್ಞೆಯೆಂದೇ ಓದಿಕೊಂಡರೆ ಅವನನ್ನು ಹುಚ್ಚನೆನ್ನಲಾದೀತೆ? ಇಂಥವನು ಅಂಜುವುದು ದೇವರಿಗಲ್ಲ. “ನೀನು ಇಲ್ಲಿಯವನಲ್ಲ” ಎಂದು ನಾಳೆ ಹೇಳಬಹುದಾದ ನೆರೆಹೊರೆಗೆ. ತನ್ನ ವಿಷಯದಲ್ಲಿ ಅದನ್ನು ಸಹಿಸಿಯಾನು. ತನ್ನ ಮಗುವಿನ ವಿಷಯದಲ್ಲಿ ಸಹಿಸುವುದು ಕಷ್ಟ.

ಹಾಗೆಂದು ಈ ಅಂಜಿಕೆಯು ಎಲ್ಲಿ ಕಂಡರೂ ನ್ಯಾಯವಾದುದೆನ್ನಲಾಗದು. ಒಮ್ಮೆ ಮುದ್ರೆಗೆ ಅಂಜಿದವನು ಆಮೇಲೆ ಚಿಹ್ನೆಗೂ ಅಂಜತೊಡಗುವನು. ನೆರೆಯವಳ ಹಣೆಯ ಕುಂಕುಮವೂ ಬೀದಿಯಲ್ಲಿ ಹೊರಟ ಉತ್ಸವವೂ ತನ್ನ ಮೇಲಣ ದಂಡಯಾತ್ರೆಯೆಂದೇ ತೋರುವುದು. ಅಂಥ ಸಮಯದಲ್ಲಿ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳಿತು. ಇದನ್ನು ಇಲ್ಲಿ ಇಟ್ಟವರು ಯಾರು? ಬೇಡವೆಂದರೆ ನಾನು ಇದರಿಂದ ದೂರ ಸರಿಯಬಲ್ಲೆನೆ? ಒಲ್ಲೆನೆಂದರೆ ನನಗೆ ಕೇಡುಂಟೆ? ಮಹಾಪೀಠವೂ ಕೊನೆಯ ಪ್ರಶ್ನೆಯನ್ನು ಗಣಿಸಿತು: ಆ ಶಾಲೆಯಲ್ಲಿ ಕ್ರೈಸ್ತಮತದ ಬೋಧನೆ ಕಡ್ಡಾಯವಿರಲಿಲ್ಲ, ಇಟಲಿಯ ಶಾಲೆಗಳು ಅನ್ಯಮತದ ಮಕ್ಕಳಿಗೂ ಎಡೆಗೊಟ್ಟಿದ್ದುವು. ಸ್ವತಃ ಯೆಹೂದ್ಯರಾದ ಜೋಸೆಫ್ ವೈಲರ್ ಎಂಬ ನ್ಯಾಯಶಾಸ್ತ್ರದ ಪ್ರಾಧ್ಯಾಪಕರು 2010ರಲ್ಲಿ ಎಂಟು ರಾಷ್ಟ್ರಗಳ ಪರವಾಗಿ ಅದೇ ಪೀಠದ ಮುಂದೆ ನಿಂತು, ಬರಿಯ ಗೋಡೆಯೂ ತಟಸ್ಥವಲ್ಲವೆಂದು ವಾದಿಸಿದರು. ಇರುವ ಶಿಲುಬೆಯನ್ನು ಸರಕಾರವು ಬಲವಂತದಿಂದ ಇಳಿಸಿದರೆ ಆಸ್ತಿಕರ ಮಕ್ಕಳು ಅದನ್ನೂ ಒಂದು ಪಾಠವೆಂದೇ ಓದಿಕೊಳ್ಳುವರಲ್ಲವೆ?

ಈ ತೊಡಕಿಗೆ ಇಟಲಿಯ ಅತ್ಯುನ್ನತ ನ್ಯಾಯಸ್ಥಾನವು 2021ರಲ್ಲಿ ಒಂದು ದಾರಿಯನ್ನು ತೋರಿತು. ಒಬ್ಬ ಉಪಾಧ್ಯಾಯರು ತಮ್ಮ ಪಾಠದ ಹೊತ್ತಿನಲ್ಲಿ ಶಿಲುಬೆಯನ್ನು ಇಳಿಸಿ, ಪಾಠ ಮುಗಿದೊಡನೆ ಅಲ್ಲಿಯೇ ತೂಗುಹಾಕುತ್ತಿದ್ದರು. ವಿದ್ಯಾರ್ಥಿಗಳು ಅದು ಇರಲೆಂದು ಬಹುಮತದಿಂದ ನಿರ್ಣಯಿಸಿದ್ದರು. ಮುಖ್ಯಾಧಿಕಾರಿಯ ಆಜ್ಞೆಯನ್ನು ಮೀರಿದುದಕ್ಕಾಗಿ ಅವರಿಗೆ 30 ದಿನಗಳ ಅಮಾನತಾಯಿತು. ನ್ಯಾಯಸ್ಥಾನವು ಆ ಶಿಕ್ಷೆಯನ್ನು ರದ್ದುಮಾಡಿತು. ಶಿಲುಬೆಯು ಕಡ್ಡಾಯವಲ್ಲ, ನಿಷಿದ್ಧವೂ ಅಲ್ಲ. ಶಾಲೆಯವರೆಲ್ಲರೂ ಕೂಡಿ ಆಲೋಚಿಸಿ ನಿರ್ಧರಿಸಲಿ, ಬೇಕಾದರೆ ಅನ್ಯಮತಗಳ ಗುರುತುಗಳನ್ನೂ ಜೊತೆಗಿಡಲಿ, ಭಿನ್ನಮತಿಯೊಡನೆ ಹೊಂದಾಣಿಕೆಯನ್ನು ಹುಡುಕಲಿ ಎಂದಿತು. ಮುದ್ರೆಯನ್ನು ಮತ್ತೆ ಚಿಹ್ನೆಯಾಗಿಸುವ ಉಪಾಯವಿದು. ಆಜ್ಞೆಯಿಂದ ಏರಿದ್ದು ಎಲ್ಲರ ಮಾತಿನಿಂದ ಅಲ್ಲಿ ಉಳಿದರೆ, ಅದರ ಕೊನೆಯ ಮುಳ್ಳು ಮುರಿಯದಿದ್ದರೂ ಮೊನೆ ಮೊಂಡಾಗುವುದು.

ಗೃಹಸ್ಥರಾದ ನಮಗೆ ಇದರಲ್ಲಿ ಕಲಿಯತಕ್ಕದ್ದು ಇಷ್ಟು. ದೇವರ ಪಟವನ್ನು ನಮ್ಮ ಮನೆಯಲ್ಲಿ ಇಟ್ಟುಕೊಳ್ಳಲು ಯಾರ ಅಪ್ಪಣೆಯೂ ಬೇಡ. ಹತ್ತು ಜನರ ಗೋಡೆಯ ಮೇಲೆ ತೂಗುಹಾಕುವ ಮೊದಲು ಹತ್ತನೆಯವನನ್ನು ಒಂದು ಮಾತು ಕೇಳುವುದು ಲೇಸು. ಕೇಳಿಸಿಕೊಂಡವನು ಬಹುಮಟ್ಟಿಗೆ ಅಂಜುವುದಿಲ್ಲ. ಅವನೂ ಸೈಯೆಂದರೆ ಆ ಗೋಡೆ ಅವನದೂ ಆಗುವುದು.